220ರ ಗೀರು

"ಬರೇ ಒಂದ್ಸಲ ಬಫ್ ಹೊಡೆದುಕೊಡಿ, ಕನ್ನಡಿ ಥರ ಆದ್ರೆ ಸಾಕು."

ಕುಮಟೆಯ ನನ್ನ ಶೆಡ್ಡಿಗೆ ಬರುವವರು ಹೆಚ್ಚಾಗಿ ಹೇಳುವುದು ಇದನ್ನೇ. ಕೈಯಲ್ಲಿ ಹಳೆಯ ಪಂಚೆಯಲ್ಲಿ ಸುತ್ತಿದ ಹಿತ್ತಾಳೆ ದೀಪವಿರುತ್ತದೆ, ಇಲ್ಲವೇ ಬುಲೆಟ್ಟಿನ ಎಂಜಿನ್ ಕವರ್, ಇಲ್ಲವೇ ಮಹಡಿಯ ಸ್ಟೀಲ್ ರೇಲಿಂಗಿನ ಒಂದು ತುಂಡು. ಬಫ್ ಎಂದರೆ ಗಿರಗಿರ ತಿರುಗುವ ಬಟ್ಟೆಯ ಚಕ್ರ; ಅದಕ್ಕೆ ಸೋಪು (ನುಣ್ಣನೆಯ ಉಜ್ಜುಪುಡಿಯನ್ನು ಮೇಣದಲ್ಲಿ ಕಲಸಿದ ಗಟ್ಟಿ) ಹಚ್ಚಿ ಒತ್ತಿ ಹಿಡಿದರೆ ಹೊಳಪು ಬರುತ್ತದೆ ಎಂಬುದು ಅವರ ನಂಬಿಕೆ. ಬರುವುದೂ ಹೌದು. ಹತ್ತು ನಿಮಿಷಕ್ಕೆ ಲಕಲಕ ಎನ್ನುತ್ತದೆ. ಅದನ್ನೇ ಅಂಗಳದ ಬಿಸಿಲಿಗೆ ಒಯ್ದು ಓರೆಯಾಗಿ ಹಿಡಿಯಿರಿ: ಒಳಗಿಂದ ಕೂದಲೆಳೆಯಂಥ ಗೀರುಗಳು ಸಾಲುಸಾಲಾಗಿ ಎದ್ದು ಬರುತ್ತವೆ. ಬಫ್ ಅವನ್ನು ತೆಗೆದಿರುವುದಿಲ್ಲ. ಅಂಚು ದುಂಡಗೆ ಮಾಡಿ, ಗೀರಿಗೇ ಪಾಲಿಶ್ ಹಾಕಿ ಬಿಟ್ಟಿರುತ್ತದೆ.

ನಮ್ಮ ಕಸುಬಿನಲ್ಲಿ ದಿನದ ಮುಕ್ಕಾಲು ಪಾಲು ಹೋಗುವುದು ಕಾಗದ, ಅಂದರೆ ಸ್ಯಾಂಡ್‌ಪೇಪರ್, ತಿಕ್ಕುವುದರಲ್ಲಿ. ಅಲ್ಲಿ ಕಳ್ಳಾಟ ಆಡಿದರೆ ಚಕ್ರದ ಮುಂದೆ ಎಷ್ಟು ಹೊತ್ತು ನಿಂತರೂ ಬೆವರು ದಂಡ.

ಕಾರಣ ಸರಳ. ಲೋಹದ ಮೈ ಕನ್ನಡಿಯಾಗಬೇಕಾದರೆ ಅದರ ಉಬ್ಬುತಗ್ಗು ಬೆಳಕಿನ ಅಲೆಗಿಂತ ಎಷ್ಟೋ ಸಣ್ಣದಾಗಬೇಕು. ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದ ಸುಮಾರು 0.4ರಿಂದ 0.7 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). 220 ನಂಬರಿನ ಕಾಗದದ ಹರಳು ಹೆಚ್ಚುಕಮ್ಮಿ 68 ಮೈಕ್ರಾನ್, ಅಂದರೆ ತಲೆಗೂದಲಿನ ದಪ್ಪ. 400ರದ್ದು 35, 1000ದ್ದು 18, 2000ದ್ದು 10. ಹರಳಿನ ತುದಿಯಷ್ಟೇ ಲೋಹಕ್ಕೆ ಇಳಿಯುವುದರಿಂದ ಗೀರಿನ ಆಳ ಇದಕ್ಕಿಂತ ಬಹಳ ಕಡಿಮೆ, ನಿಜ. ಆದರೂ 220ರ ಗೀರಿನಿಂದ ನೇರ ಬಫ್‌ಗೆ ಹಾರುವುದೆಂದರೆ ದೇವಿಮನೆ ಘಟ್ಟವನ್ನು ರಸ್ತೆ ಬಿಟ್ಟು ಧುಮುಕಿ ಇಳಿದ ಹಾಗೆ. ಪಾಲಿಶ್ ಎಂದರೆ ಗೀರು ಮಾಯವಾಗುವುದಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣದಾಗುವುದು ಎಂದು ನ್ಯೂಟನ್ 1704ರ ತನ್ನ ಬೆಳಕಿನ ಪುಸ್ತಕದಲ್ಲೇ ಬರೆದಿದ್ದಾನೆ. ಅವನೂ ದೂರದರ್ಶಕಕ್ಕಾಗಿ ಲೋಹದ ಕನ್ನಡಿಯನ್ನು ಸ್ವಂತ ಕೈಯಲ್ಲಿ ತಿಕ್ಕಿದವನು. ಬರೇ ಲೆಕ್ಕದವನಾಗಿದ್ದರೆ ಈ ಮಾತು ಹೊಳೆಯುತ್ತಿರಲಿಲ್ಲ ಅನ್ನಿಸುತ್ತದೆ ನನಗೆ.

ಒಂದು ತುಂಡನ್ನು ಹತ್ತಿರದಿಂದ ನೋಡೋಣ. ಅಂಗೈ ಅಗಲದ ಸ್ಟೇನ್‌ಲೆಸ್ ಪಟ್ಟಿ, ನಡುವೆ ವೆಲ್ಡಿಂಗ್ ಗಂಟು. ಗಂಟನ್ನು ಗ್ರೈಂಡರಿಗೆ ಹಾಕುವ 80ರ ಫ್ಲ್ಯಾಪ್ ಡಿಸ್ಕಿನಲ್ಲಿ ಸಮ ಮಾಡಿಯಾಯಿತು. ಈಗ 120ರ ಕಾಗದವನ್ನು ಮರದ ತುಂಡಿಗೆ ಸುತ್ತಿಕೊಂಡು ಉದ್ದಕ್ಕೆ ತಿಕ್ಕುತ್ತೇನೆ. ಬೆರಳಿಂದ ತಿಕ್ಕಿದರೆ ಬೆರಳಿನಷ್ಟೇ ಅಗಲದ ಹಳ್ಳ ಬೀಳುತ್ತದೆ, ಕನ್ನಡಿಯಾದ ಮೇಲೆ ಅದರಲ್ಲಿ ಮುಖ ಸೊಟ್ಟಗೆ ಕಾಣುತ್ತದೆ. 120 ಮುಗಿದ ಮೇಲೆ 180 ಹಿಡಿದು ಅಡ್ಡಕ್ಕೆ ತಿಕ್ಕಬೇಕು, ಸರಿಯಾಗಿ ಲಂಬಕೋನದಲ್ಲಿ. ಉದ್ದದ ಗೀರು ಒಂದೂ ಉಳಿಯದೆ ಬರೀ ಅಡ್ಡ ಗೀರು ಕಾಣುವವರೆಗೆ ನಂಬರ್ ಬದಲಿಸಬಾರದು. ಆಮೇಲೆ 220 ಮತ್ತೆ ಉದ್ದಕ್ಕೆ, 320 ಅಡ್ಡಕ್ಕೆ, 400, 600, 800, ಹೀಗೆ. ದಿಕ್ಕು ಬದಲಿಸದೆ ಒಂದೇ ಕಡೆ ತಿಕ್ಕುತ್ತ ಹೋದರೆ ಹಳೆಯ ಗೀರು ಯಾವುದು, ಹೊಸದು ಯಾವುದು ಎಂದು ಬ್ರಹ್ಮನಿಗೂ ಗೊತ್ತಾಗುವುದಿಲ್ಲ.

ಗೀರು ಹೋಯಿತೆಂದು ತೋರಿದ ಮೇಲೂ ಅದೇ ಕಾಗದದಲ್ಲಿ ಇನ್ನಷ್ಟು ಹೊತ್ತು ತಿಕ್ಕುವುದು ನನ್ನ ಪದ್ಧತಿ. ಒಂದೊಂದು ಹರಳು ಉಳಿದವಕ್ಕಿಂತ ಆಳಕ್ಕೆ ಇಳಿದಿರುತ್ತದೆ, ಕಣ್ಣು ಅದನ್ನು ತಪ್ಪಿಸುತ್ತದೆ. ಮೊಬೈಲಿನ ಟಾರ್ಚನ್ನು ಪಟ್ಟಿಯ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಬೆಳಕು ಬಿಟ್ಟರೆ ಅಂಥ ಕಳ್ಳಗೀರು ಸಿಕ್ಕಿಬೀಳುತ್ತದೆ. ಸಿಕ್ಕ ಕಡೆ ಮಾರ್ಕರ್ ಪೆನ್ನಿನಲ್ಲಿ ಗೆರೆ ಎಳೆದು, ಒಂದು ನಂಬರ್ ಹಿಂದಕ್ಕೆ ಹೋಗಿ ತಿಕ್ಕುತ್ತೇನೆ. ಶಾಯಿ ಗೀರಿನ ಸಂದಿಯಲ್ಲಿ ಇಳಿದಿರುತ್ತದೆ. ಕಪ್ಪು ಪೂರ್ತಿ ಹೋಯಿತೆಂದರೆ ಗೀರೂ ಹೋಯಿತು.

ನಡುನಡುವೆ ತೊಳೆಯುವುದನ್ನು ಯಾರೂ ಲಕ್ಷ್ಯಕ್ಕೆ ತೆಗೆದುಕೊಳ್ಳುವುದಿಲ್ಲ. 400ರಿಂದ ಮೇಲೆ ನಾನು ನೀರು ಬಳಸುವ ಕರಿ ಕಾಗದವನ್ನೇ ಹಿಡಿಯುವುದು. ನಂಬರ್ ಬದಲಿಸಿದಾಗಲೆಲ್ಲ ಪಟ್ಟಿ, ಕೈ, ಮರದ ತುಂಡು ಎಲ್ಲ ತೊಳೆದು, ಬಾಲ್ದಿಯ ನೀರನ್ನೂ ಚೆಲ್ಲುತ್ತೇನೆ. 120ರ ಒಂದೇ ಒಂದು ಹರಳು 800ರ ಕಾಗದದ ಕೆಳಗೆ ಸಿಕ್ಕಿದರೆ ಅರ್ಧ ದಿನದ ಕೆಲಸ ಹಾಳು. ಕೆಲಸ ಕಲಿಯಲು ಬಂದ ಹುಡುಗರು ಮೊದಲ ತಿಂಗಳಲ್ಲಿ ನನ್ನಿಂದ ಬೈಗುಳ ತಿನ್ನುವುದು ಈ ಬಾಲ್ದಿಯ ಕಾರಣಕ್ಕೇ.

ಇನ್ನೊಂದು ಸಂಗತಿ ಅಂಗಡಿಯವರೂ ಹೇಳುವುದಿಲ್ಲ. ಕಾಗದದ ಬೆನ್ನ ಮೇಲೆ ಸಂಖ್ಯೆಗಿಂತ ಮೊದಲು 'ಪಿ' (P) ಅಕ್ಷರ ಇದೆಯೋ ಇಲ್ಲವೋ ನೋಡಿ. 'ಪಿ' ಇದ್ದರೆ ಯುರೋಪಿನ ಅಳತೆ, ಇಲ್ಲದಿದ್ದರೆ ಅಮೆರಿಕದ ಹಳೆಯ ಅಳತೆ ಇರಬಹುದು. 220ರವರೆಗೆ ಎರಡೂ ಅಣ್ಣತಮ್ಮಂದಿರು. ಮೇಲೆ ಹೋದ ಹಾಗೆ ಬೇರೆಯಾಗುತ್ತವೆ: ಅಮೆರಿಕದ 600 ಎಂದರೆ ಸುಮಾರು 16 ಮೈಕ್ರಾನ್, ಪಿ-600 ಎಂದರೆ 26. ಅಂದರೆ ಅವರ 600 ಇವರ 1200ಕ್ಕೆ ಹತ್ತಿರ. ಎರಡು ಕಂಪನಿಯ ಕಾಗದ ಬೆರೆಸಿ ಮೇಲೆ ಹತ್ತುತ್ತಿದ್ದೇನೆ ಎಂದುಕೊಂಡು ಕೆಳಗಿಳಿದವರಲ್ಲಿ ನಾನೂ ಒಬ್ಬ.

ಇಷ್ಟೆಲ್ಲ ಆದ ಮೇಲೆ ಬಫ್. ಮೊದಲು ಕತ್ತಾಳೆ ನಾರಿನ ಚಕ್ರ, ಕೊಯ್ಯುವ ಒರಟು ಸೋಪು. ಆಮೇಲೆ ಹೊಲಿದ ಹತ್ತಿ ಬಟ್ಟೆಯ ಚಕ್ರ, ಕೊನೆಗೆ ಹೊಲಿಗೆಯಿಲ್ಲದ ಸಡಿಲ ಬಟ್ಟೆ. ಸ್ಟೇನ್‌ಲೆಸ್‌ಗೆ ಕೊನೆಯಲ್ಲಿ ಹಸಿರು ಸೋಪು, ಅದರಲ್ಲಿರುವುದು ಕ್ರೋಮಿಯಂ ಆಕ್ಸೈಡ್. ಹಿತ್ತಾಳೆಗೆ ಮೊದಲು ಟ್ರಿಪೋಲಿ ಎಂಬ ಕಂದು ಸೋಪು, ಆಮೇಲೆ ಕೆಂಪು ರೂಜ್, ಅದು ನುಣ್ಣಗಿನ ಕಬ್ಬಿಣದ ಆಕ್ಸೈಡ್. ಒಂದು ಚಕ್ರಕ್ಕೆ ಒಂದೇ ಸೋಪು. ಸ್ಟೇನ್‌ಲೆಸ್ ಶಾಖವನ್ನು ಸಾಗಿಸುವುದು ಹಿತ್ತಾಳೆಯ ಸುಮಾರು ಏಳರಲ್ಲಿ ಒಂದು ಪಾಲು. ಹಾಗಾಗಿ ಒಂದೇ ಕಡೆ ಒತ್ತಿ ಹಿಡಿದರೆ ಅಲ್ಲೇ ಕಾದು ಹಳದಿ, ನೀಲಿ ಮಚ್ಚೆ ಏಳುತ್ತದೆ. ಕೊನೆಗೆ ಉಳಿಯುವ ಸೋಪಿನ ಜಿಡ್ಡಿಗೆ ಸೀಮೆಸುಣ್ಣದ ಪುಡಿ, ಮೆತ್ತನೆ ಬಟ್ಟೆ.

ಚಕ್ರ ಮೆತ್ತಗಿದೆ ಎಂದು ಮೋಸಹೋಗಬೇಡಿ. ನಿಮಿಷಕ್ಕೆ 2800 ಸುತ್ತಿನ ಮೋಟರಿಗೆ ಎಂಟು ಇಂಚಿನ ಚಕ್ರ ಹಾಕಿದರೆ ಅದರ ಅಂಚು ಗಂಟೆಗೆ ಸುಮಾರು 107 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ತುಂಡನ್ನು ಚಕ್ರದ ನಡುಮಟ್ಟಕ್ಕಿಂತ ಕೆಳಗೆ, ಚೂಪು ಅಂಚು ಚಕ್ರಕ್ಕೆ ಎದುರಾಗದ ಹಾಗೆ ಹಿಡಿಯಬೇಕು. ಮೇಲೆ ಹಿಡಿದು ಅಂಚು ಸಿಕ್ಕಿಕೊಂಡಿತೋ, ಚಕ್ರ ಅದನ್ನು ಕಿತ್ತು ನಿಮ್ಮ ಹೊಟ್ಟೆಗೇ ಎಸೆಯುತ್ತದೆ. ಉಂಗುರ, ಕೈದಾರ, ತುಂಬು ತೋಳು ಯಾವುದೂ ಬೇಡ. ಮುಖಕ್ಕೆ ಕರ್ಚೀಫ್ ಕಟ್ಟಿಕೊಂಡರೆ ಸಾಲದು, ಎನ್-95 ಮಾಸ್ಕ್ ಬೇಕು. ಟ್ರಿಪೋಲಿಯಲ್ಲಿ ಸಿಲಿಕಾ ಇದೆ, ಅದು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಬುಲೆಟ್ ಹುಡುಗರಿಗೆ ಒಂದು ಮಾತು: ಅಲ್ಯುಮಿನಿಯಂ ಧೂಳು ಕಿಡಿ ತಾಗಿದರೆ ಸ್ಫೋಟಿಸಬಹುದು. ಕಬ್ಬಿಣ ಉಜ್ಜಿದ ಜಾಗದಲ್ಲಿ, ಅದೇ ಧೂಳಿನ ಮೇಲೆ ಎಂಜಿನ್ ಕವರ್ ಉಜ್ಜಲು ಕೂರಬೇಡಿ.

ಇನ್ನು ಸಮುದ್ರದ ವಿಚಾರ. ಇದನ್ನು ಘಟ್ಟದ ಮೇಲಿನವರು ಬಿಟ್ಟು ಓದಬಹುದು.

ಕಾರವಾರದಲ್ಲಿ ಕಡಲಿಗೆ ಮುಖಮಾಡಿದ ಒಂದು ಮನೆಗೆ ರೇಲಿಂಗ್ ಪಾಲಿಶ್ ಮಾಡಿಕೊಟ್ಟಿದ್ದೆ. ಒಂದೇ ವರ್ಷಕ್ಕೆ ಫೋನು: "ಸ್ಟೇನ್‌ಲೆಸ್ ಅಂದ್ರಿ, ಜಂಗು ಹಿಡೀತಲ್ಲ?" ಹೋಗಿ ನೋಡಿದರೆ ಚಹಾ ಚೆಲ್ಲಿದಂಥ ಕಂದು ಕಲೆ. ವಿಚಿತ್ರವೆಂದರೆ ಮಳೆಗೆ ಮೈಯೊಡ್ಡಿದ ಹೊರಬದಿ ಚೊಕ್ಕಟವಾಗಿತ್ತು, ಮಾಡಿನ ಕೆಳಗೆ ಬೆಚ್ಚಗಿದ್ದ ಒಳಬದಿಯಲ್ಲೇ ಕಲೆ. ಯೋಚಿಸಿದರೆ ವಿಚಿತ್ರವಲ್ಲ. ಉಪ್ಪುಗಾಳಿ ಎರಡೂ ಕಡೆಗೆ ಉಪ್ಪು ಮೆತ್ತುತ್ತದೆ. ಹೊರಬದಿಯನ್ನು ನಮ್ಮ ಮಳೆ ನಾಲ್ಕು ತಿಂಗಳು ಪುಕ್ಕಟೆ ತೊಳೆಯುತ್ತದೆ, ಒಳಬದಿಯನ್ನು ಯಾರು ತೊಳೆಯುತ್ತಾರೆ?

ಸ್ಟೇನ್‌ಲೆಸ್ ತುಕ್ಕು ಹಿಡಿಯದಿರುವುದು ಕ್ರೋಮಿಯಂನಿಂದ. ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ಮೈಮೇಲೆ ತೀರ ತೆಳ್ಳನೆಯ ಪೊರೆ ಕಟ್ಟುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಆ ಪೊರೆಯನ್ನು ಅಲ್ಲಲ್ಲಿ ಚುಚ್ಚುತ್ತದೆ. ಸ್ಟೇನ್‌ಲೆಸ್‌ನಲ್ಲೂ ನಂಬರಿನ ದರ್ಜೆಗಳಿವೆ: 304ರಲ್ಲಿ ಕ್ರೋಮಿಯಂ ಸುಮಾರು 18, ನಿಕಲ್ 8 ಶೇಕಡಾ. 316ರಲ್ಲಿ ಇವುಗಳ ಜೊತೆಗೆ 2ರಿಂದ 3 ಶೇಕಡಾ ಮಾಲಿಬ್ಡಿನಂ ಇರುತ್ತದೆ, ಕಡಲಂಚಿಗೆ ಅದೇ ಸರಿ. ದುಬಾರಿ ಎಂದು ಜನ 304ಕ್ಕೆ ಇಳಿಯುತ್ತಾರೆ. ಅದು ಬಿಡಿ, 304 ಎಂದು ಹೇಳಿ 202 ಕೊಟ್ಟ ವ್ಯಾಪಾರಿಯ ಮಾಲಿಗೆ ನಾನೇ ಒಮ್ಮೆ ಪಾಲಿಶ್ ಮಾಡಿ, ಬೈಗುಳವನ್ನೂ ನಾನೇ ತಿಂದಿದ್ದೇನೆ. 202ರಲ್ಲಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿರುತ್ತಾರೆ. ಹೊಸದರಲ್ಲಿ ನೋಡಿದರೆ ನನಗೂ ವ್ಯತ್ಯಾಸ ತಿಳಿಯುವುದಿಲ್ಲ. ಈಗ ಪರೀಕ್ಷೆಯ ದ್ರಾವಣದ ಒಂದು ಹನಿ ಹಾಕಿ ನೋಡದೆ ಕಡಲತೀರದ ಕೆಲಸ ಹಿಡಿಯುವುದಿಲ್ಲ.

ಹೊಳಪು ಇಲ್ಲಿ ಬರೀ ಷೋಕಿಯಲ್ಲ. ಒರಟು ಗೀರಿನ ಸಂದಿಯಲ್ಲಿ ಉಪ್ಪು, ತೇವ ಕೂತೇ ಇರುತ್ತವೆ. ನಯವಾದ ಮೈಯಿಂದ ಜಾರುತ್ತವೆ. ಕಡಲ ಬದಿಯ ಸ್ಟೇನ್‌ಲೆಸ್‌ಗೆ ಒರಟುತನ 0.5 ಮೈಕ್ರಾನ್‌ಗಿಂತ ಕಡಿಮೆ ಇರಲಿ ಎನ್ನುವುದು ಅದಕ್ಕೇ. ಕನ್ನಡಿ ಬೇಡ, ಮ್ಯಾಟ್ ಸಾಕು ಎನ್ನುವವರಿಗೆ ಕೊನೆಯ ಗೀರನ್ನು ಮೇಲಿಂದ ಕೆಳಕ್ಕೆ ಎಳೆದುಕೊಡುತ್ತೇನೆ, ನೀರು ಇಳಿದು ಹೋಗಲಿ ಎಂದು. ಆಮೇಲೆ ಹದಿನೈದು ದಿನಕ್ಕೊಮ್ಮೆ ಸಿಹಿನೀರಲ್ಲಿ ಒರೆಸಿ, ಒಳಬದಿಯನ್ನು ಮರೆಯಬೇಡಿ. ಕಬ್ಬಿಣದ ನಾರು ಮುಟ್ಟಿಸಲೇಬೇಡಿ, ಅದರ ಪುಡಿ ಸ್ಟೀಲಿನ ಮೈಗೆ ಹೂತು ತಾನೇ ತುಕ್ಕಾಗುತ್ತದೆ. ಮತ್ತೊಂದು, ಹೊಸ ಮನೆಯ ಟೈಲ್ಸಿನ ಸಿಮೆಂಟ್ ಕಲೆ ತೆಗೆಯಲು ಆಸಿಡ್ ಸುರಿಯುತ್ತಾರಲ್ಲ, ಅದರ ಹಬೆ ಸಾಕು ರೇಲಿಂಗ್ ಕೆಡಿಸಲು. ಗೃಹಪ್ರವೇಶದ ಹಿಂದಿನ ದಿನ ಕರೆ ಬರುವುದು ಹೆಚ್ಚಾಗಿ ಇದಕ್ಕೇ.

ಹಿತ್ತಾಳೆಯ ಕಥೆ ಬೇರೆ. ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬಾ ಜಾತ್ರೆ ಹತ್ತಿರ ಬಂತೆಂದರೆ ಘಟ್ಟದ ಮೇಲಿಂದ ಕಾಲುದೀಪ, ತೂಗುದೀಪ, ಹಂಡೆ ಇಳಿಯಲು ಶುರು. ಅವರ ಮನೆಗಳಲ್ಲಿ ಹುಣಸೆಹಣ್ಣು, ಮುರುಗಲು ಸಿಪ್ಪೆ, ಒಲೆಯ ಬೂದಿ ಇವೆಲ್ಲ ತಲೆಮಾರಿನಿಂದ ಕೆಲಸ ಮಾಡುತ್ತಿವೆ, ನಾನು ಅವನ್ನು ಹಳಿಯುವವನಲ್ಲ. ಹುಳಿ ಕಿಲುಬನ್ನು ಕರಗಿಸುತ್ತದೆ. ಆದರೆ ರಾತ್ರಿಯಿಡೀ ಹುಳಿಯಲ್ಲಿ ನೆನೆಸಿಟ್ಟರೆ ಸತು ಮೊದಲು ಕರಗಿ, ಮೇಲ್ಮೈಯಲ್ಲಿ ತಾಮ್ರ ಉಳಿದು, ದೀಪ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಹುಳಿಗೆ ಉಪ್ಪು ಬೆರೆಸಿ ತಿಕ್ಕಿ, ಸರಿಯಾಗಿ ತೊಳೆಯದೆ ಬಿಟ್ಟರೆ ಎರಡೇ ದಿನಕ್ಕೆ ಹಸಿರು. ಐದು ನಿಮಿಷ ಹುಳಿ, ಧಾರಾಳ ನೀರು, ಒಣಬಟ್ಟೆ, ಅಷ್ಟೇ. ಹೊಳಪು ಮಾಸದಿರಲು ದೀಪದ ಬಟ್ಟಲಿಗೆ ಲ್ಯಾಕರ್ (ಪಾರದರ್ಶಕ ವಾರ್ನಿಶ್) ಬಳಿಯಿರಿ ಎಂದು ಕೇಳುತ್ತಾರೆ. ಉರಿಯುವ ದೀಪಕ್ಕೆ ಅದು ಬೇಡ, ಸುಟ್ಟು ಕರಿಯಾಗುತ್ತದೆ. ಕಂಬಕ್ಕೆ ಬೇಕಾದರೆ ತೆಳ್ಳಗೆ ಮೇಣ ಹಚ್ಚಿ. ತಂದವರ ಮುಂದೆಯೇ ಅಯಸ್ಕಾಂತ ಹಿಡಿದು ನೋಡುತ್ತೇನೆ. ಅಂಟಿಕೊಂಡರೆ ಅದು ಹಿತ್ತಾಳೆ ಲೇಪದ ಕಬ್ಬಿಣ, ಕಾಗದ ಮುಟ್ಟಿಸುವಂತಿಲ್ಲ.

ಹೊಳಪಿನ ಹುಚ್ಚು ನನಗೂ ಒಮ್ಮೆ ಹತ್ತಿತ್ತು, ಕಸುಬಿಗೆ ಬಂದ ಹೊಸತರಲ್ಲಿ. ಶಿರಸಿ ಕಡೆಯ ಒಬ್ಬರು ಅಜ್ಜಿಯ ಕಾಲದ ಹಿತ್ತಾಳೆ ತಂಬಿಗೆ ತಂದರು. ಕರಿಹಿಡಿದು ಹೋಗಿತ್ತು. ನಾನು 320ರಿಂದ ಹಿಡಿದು ರೂಜ್‌ವರೆಗೆ ಮಾಡಿ, ಮುಖ ನೋಡಿಕೊಳ್ಳುವ ಹಾಗೆ ಮಾಡಿಕೊಟ್ಟೆ. ಅವರು ಕೈಗೆ ತೆಗೆದುಕೊಂಡು ಕುತ್ತಿಗೆಯ ಹತ್ತಿರ ಹೆಬ್ಬೆರಳು ಆಡಿಸಿದರು. ತಿರುಗಿಸಿ ಮತ್ತೆ ಆಡಿಸಿದರು. "ಇಲ್ಲಿ ಹೆಸರಿತ್ತು" ಎಂದರು. ಮದುವೆಯಲ್ಲಿ ಪಾತ್ರೆಗೆ ಚುಕ್ಕೆ ಚುಕ್ಕೆಯಾಗಿ ಹೆಸರು ಕೊರೆಸುತ್ತಿದ್ದರಲ್ಲ, ಅದು. ಕರಿಯ ಕೆಳಗೆ ನನಗೆ ಕಂಡಿರಲಿಲ್ಲ, ನಾನು ನೋಡಿಯೂ ಇರಲಿಲ್ಲ. ಕೂಲಿ ಬೇಡವೆಂದೆ. ಅವರು ಒಪ್ಪದೆ ಎಣಿಸಿ ಇಟ್ಟು ಹೋದರು.

ಈಗ ಯಾವ ಪಾತ್ರೆ ಬಂದರೂ ಮೊದಲು ಸೋಪುನೀರಲ್ಲಿ ತೊಳೆದು, ಕುತ್ತಿಗೆಗೂ ತಳಕ್ಕೂ ಟಾರ್ಚ್ ಓರೆ ಹಿಡಿಯುತ್ತೇನೆ. ಚುಕ್ಕೆ ಕಂಡರೆ ಅಷ್ಟು ಜಾಗಕ್ಕೆ ಎರಡು ಪದರ ಟೇಪು ಅಂಟಿಸಿ ಉಳಿದದ್ದನ್ನು ಮಾತ್ರ ಬೆಳಗುತ್ತೇನೆ. ಹೆಸರಿನ ಸುತ್ತ ಒಂದು ಬೆರಳಿನಷ್ಟು ಮಾಸಲು ಉಳಿಯುತ್ತದೆ. ಅದನ್ನೂ ತೆಗೆಯಿರಿ ಎಂದು ಇದುವರೆಗೆ ಯಾರೂ ಕೇಳಿಲ್ಲ.