ಕಿವಿ ಚುರುಕಾಗಲಿ ಅಂತ ಕಾಯಬೇಡಿ

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ. ಗ್ಲಾಕೋಮಾದಿಂದ ಎರಡೂ ಕಣ್ಣು ಹೋಗಿವೆ. ಫೋನಿಗೆ ಟಾಕ್‌ಬ್ಯಾಕ್ (ಪರದೆ ಮೇಲಿರುವುದನ್ನು ಓದಿ ಹೇಳುವ ಸೌಲಭ್ಯ) ಹಾಕಿಕೊಟ್ಟೆವು. ಎರಡೇ ದಿನಕ್ಕೆ ‘ಏನು ಬಡಬಡಿಸುತ್ತೋ, ತೆಗೆದುಬಿಡು’ ಅಂದರು. ಹುಟ್ಟಿನಿಂದ ಕಾಣದವರಿಗೆ ಕಿವಿ ಚುರುಕು, ಅವರಿಗೆ ಸಲೀಸು. ಈ ವಯಸ್ಸಲ್ಲಿ ದೃಷ್ಟಿ ಕಳಕೊಂಡವರಿಗೆ ಇದು ಒಗ್ಗುತ್ತಾ?

ಒಗ್ಗುತ್ತೆ. ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತೆ. ಪ್ರತಿ ಸಲ ವಯಸ್ಸು ಬದಲಾಗುತ್ತೆ, ಗ್ಲಾಕೋಮಾ ಇದ್ದ ಕಡೆ ಶುಗರ್ ಬರುತ್ತೆ, ತಂದೆ ಹೋಗಿ ಅತ್ತೆ ಬರುತ್ತಾರೆ. ‘ಕಿವಿ ಚುರುಕು’ ಅನ್ನುವ ಸಾಲು ಮಾತ್ರ ಅಲ್ಲಾಡುವುದಿಲ್ಲ. ಮೊದಲು ಅದನ್ನೇ ಮುಗಿಸೋಣ.

ಕಣ್ಣು ಹೋಯಿತು ಅಂತ ಕಿವಿಗೆ ಹೊಸ ಶಕ್ತಿ ಬರುವುದಿಲ್ಲ. ನಿಮ್ಮ ತಂದೆಯವರನ್ನು ಇವತ್ತು ಶ್ರವಣ ಪರೀಕ್ಷೆಗೆ ಕೂರಿಸಿದರೆ ಗ್ರಾಫ್ ಮುಂಚಿನ ಹಾಗೇ ಬರುತ್ತೆ. ವಯಸ್ಸಿಗೆ ತಕ್ಕಂತೆ ಒಂಚೂರು ಇಳಿದೂ ಇರಬಹುದು. ಬಹಳ ಚಿಕ್ಕಂದಿನಲ್ಲೇ ದೃಷ್ಟಿ ಹೋದವರಲ್ಲಿ ಶಬ್ದ ಯಾವ ದಿಕ್ಕಿನದು ಅಂತ ಗುರುತಿಸುವಂಥ ಕೆಲವು ಸಾಮರ್ಥ್ಯ ಹೆಚ್ಚಿರುತ್ತೆ, ಅದು ನಿಜ. ಆದರೆ ಮೆಟ್ರೋದಲ್ಲಿ ಪಕ್ಕ ಕೂತ ಕಣ್ಣು ಕಾಣದ ಹುಡುಗನ ಫೋನು ಬಾಯಿಗೆ ಬಂದ ವೇಗದಲ್ಲಿ ಒದರುತ್ತಿದ್ದರೂ ಅವನು ಆರಾಮಾಗಿ ವಾಟ್ಸಾಪ್ ಓದುತ್ತಿರುತ್ತಾನಲ್ಲ, ಅದು ಹುಟ್ಟಿನಿಂದ ಬಂದದ್ದಲ್ಲ. ಗಂಟೆಗಟ್ಟಲೆ ಕೇಳಿ ಕೇಳಿ ಬಂದದ್ದು. ಇಂಗ್ಲಿಷಿನಲ್ಲಿ ಮಾಮೂಲಿ ಮಾತು ನಿಮಿಷಕ್ಕೆ ಸುಮಾರು 150 ಪದ. ಪಳಗಿದವರು 400 ದಾಟಿಸಿ ಕೇಳುತ್ತಾರೆ. ಅವರೂ ಒಂದು ಕಾಲಕ್ಕೆ ‘ನಿಧಾನ ಮಾಡಪ್ಪ’ ಅಂದವರೇ.

ಇನ್ನೂ ದೊಡ್ಡ ಗುಟ್ಟು ಬೇರೆ ಇದೆ: ಪಳಗಿದವರು ಎಲ್ಲವನ್ನೂ ಕೇಳುವುದೇ ಇಲ್ಲ. ಕಂಪ್ಯೂಟರಿನಲ್ಲಿ ಒಂದು ಸುದ್ದಿ ಪುಟ ತೆರೆಯಿರಿ. ಯಂತ್ರ ಶುರು ಮಾಡುತ್ತೆ: ‘ಲಿಂಕ್ ಮುಖಪುಟ, ಲಿಂಕ್ ರಾಜ್ಯ, ಲಿಂಕ್ ಜಿಲ್ಲೆ, ಲಿಂಕ್ ಸಿನಿಮಾ, ಲಿಂಕ್ ಕ್ರೀಡೆ…’ ಹೊಸಬರು ಪಾಪ, ಮೂವತ್ತು ಲಿಂಕನ್ನೂ ಭಕ್ತಿಯಿಂದ ಕೇಳಿ ಸುಸ್ತಾಗುತ್ತಾರೆ. ಗೊತ್ತಿದ್ದವರು ‘ಲಿಂಕ್ ಮು’ ಅನ್ನುವಷ್ಟರಲ್ಲಿ ಎಚ್ ಕೀ ಒತ್ತಿ ನೇರ ತಲೆಬರಹಕ್ಕೆ ಹಾರುತ್ತಾರೆ. ಕಂಪ್ಯೂಟರಿನಲ್ಲಿ ಇದೇ ಓದುವ ಕೆಲಸ ಮಾಡುವ ಎನ್‌ವಿಡಿಎ ತಂತ್ರಾಂಶದಲ್ಲಿ ಎಚ್ ಅಂದರೆ ಮುಂದಿನ ಶೀರ್ಷಿಕೆ, ಬಿ ಬಟನ್, ಇ ಅಕ್ಷರ ತುಂಬುವ ಜಾಗ; ಶಿಫ್ಟ್ ಸೇರಿಸಿದರೆ ಹಿಂದಕ್ಕೆ. ಕಂಟ್ರೋಲ್ ಒತ್ತಿದರೆ ಬಾಯಿ ಮುಚ್ಚುತ್ತೆ. ಮೊದಲು ಕಲಿಸಬೇಕಾದ ಕೀ ಇದೇ, ಯಾರೂ ಕಲಿಸುವುದಿಲ್ಲ. ಫೋನಿನಲ್ಲಾದರೆ ಎರಡು ಬೆರಳಲ್ಲಿ ಒಮ್ಮೆ ತಟ್ಟಿದರೆ ಮಾತು ನಿಲ್ಲುತ್ತೆ. ಹಳೇ ಫೋನುಗಳಲ್ಲಿ ಈ ತಟ್ಟು ನಡೆಯದೆಯೂ ಇರಬಹುದು.

ದನಿಯ ಆಯ್ಕೆಯಲ್ಲೂ ಮನೆಯವರು ಎಡವುತ್ತಾರೆ. ಮನುಷ್ಯರ ಹಾಗೆ ಇಂಪಾಗಿರುವ ದನಿ ಹುಡುಕಿ ಹಾಕುತ್ತಾರೆ. ಕಥೆ ಕೇಳಲು ಅದು ಸರಿ. ವೇಗ ಏರಿಸಿದರೆ ಮಾತ್ರ ಅಕ್ಷರಗಳು ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ, ಕೀ ಒತ್ತಿದ ಮೇಲೆ ಉತ್ತರ ಬರುವುದೂ ಒಂದು ಕ್ಷಣ ತಡ. ಎನ್‌ವಿಡಿಎ ಜೊತೆಗೇ ಬರುವ ಇಸ್ಪೀಕ್ ದನಿ ಡಬ್ಬದೊಳಗಿಂದ ಮಾತಾಡಿದ ಹಾಗಿದೆ, ಕನ್ನಡವನ್ನೂ ಹಾಗೇ ಓದುತ್ತೆ. ಆದರೆ ಎಷ್ಟು ಓಡಿಸಿದರೂ ‘ತ’ ‘ಟ’ ಬೇರೆ ಬೇರೆ ಕೇಳುತ್ತೆ, ಒತ್ತಿದ ತಕ್ಷಣ ಉತ್ತರ. ಹದಿನೈದು ದಿನ ಸಹಿಸಿಕೊಳ್ಳಲಿ.

ವೇಗ ಏರಿಸುವ ಕ್ರಮ ಹೀಗಿರಲಿ. ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ. ಮೊದಲ ವಾರ ಅವರಿಗೆ ಬಾಯಿಪಾಠ ಬರುವ ವಚನವನ್ನೋ ಶ್ಲೋಕವನ್ನೋ ಓದಿಸಿ. ಮುಂದಿನ ಪದ ಗೊತ್ತಿರುವುದರಿಂದ ತಪ್ಪಿಹೋದದ್ದನ್ನು ಮನಸ್ಸೇ ತುಂಬಿಕೊಳ್ಳುತ್ತೆ. ಎರಡನೇ ವಾರ, ಬೆಳಿಗ್ಗೆ ರೇಡಿಯೋದಲ್ಲಿ ಕೇಳಿದ ಸುದ್ದಿ. ಆಮೇಲೆ ಹೊಸದು. ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್ಸರ್ಟ್), ಕಂಟ್ರೋಲ್, ಮೇಲಿನ ಬಾಣ ಒಟ್ಟಿಗೆ ಒತ್ತಿದರೆ ವೇಗ ಐದೈದರಂತೆ ಏರುತ್ತೆ. ವಾರಕ್ಕೆ ಒಂದು ಸಲ ಸಾಕು. ಟಾಕ್‌ಬ್ಯಾಕಿನಲ್ಲಿ ಒಂದೇ ಬೆರಳನ್ನು ಮೇಲಕ್ಕೆಳೆದು ಎತ್ತದೆ ಕೆಳಕ್ಕೆಳೆಯಿರಿ, ‘ಮಾತಿನ ವೇಗ’ ಬರುವವರೆಗೆ. ಆಮೇಲೆ ಬರೀ ಮೇಲೆ, ಕೆಳಗೆ. ಅರ್ಥವಾಗದಿದ್ದರೆ ಒಂದು ಹಂತ ಇಳಿಸಿ, ಅದರಲ್ಲಿ ನಾಚಿಕೆ ಏನಿಲ್ಲ.

ತಂದೆಯವರು ಇಷ್ಟು ವರ್ಷ ಕಣ್ಣಾರೆ ಕಂಡವರು, ಆ ಲಾಭವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ‘ಹಿಂದೆ’ ಬಟನ್ ಪುಟದ ಎಡಮೂಲೆಯಲ್ಲಿರುತ್ತೆ ಅಂತ ಅವರಿಗೆ ವಿವರಿಸಬೇಕಿಲ್ಲ. ಬೆರಳಿಟ್ಟು ಜಾರಿಸಿದರೆ ಸಾಕು. ಟೈಪಿಂಗ್ ಬರುತ್ತಿದ್ದರೆ ಎಫ್ ಮತ್ತು ಜೆ ಕೀ ಮೇಲಿನ ಉಬ್ಬುಗೆರೆ ಮುಟ್ಟಿಸಿ, ಉಳಿದದ್ದು ಬೆರಳಿಗೇ ನೆನಪಿದೆ. ಬ್ರೈಲ್ ಕಲಿತೇ ಮುಂದೆ ಹೋಗಬೇಕು ಅಂತೇನೂ ಇಲ್ಲ.

ಎರಡೂ ಕಿವಿಗೆ ಇಯರ್‌ಫೋನ್ ಬೇಡ. ರಸ್ತೆ ಕೇಳಬೇಕು, ಮನೆಯಲ್ಲಿ ಕುಕ್ಕರ್ ಕೂಗೂ ಕೇಳಬೇಕು. ಯುಪಿಐ ಪಿನ್ ಒತ್ತುವಾಗ ಮಾತ್ರ ಮರೆಯದೆ ಇಯರ್‌ಫೋನ್ ಹಾಕಿಕೊಳ್ಳಲಿ. ಟಾಕ್‌ಬ್ಯಾಕ್ ಫೋನಲ್ಲೇ ಇದೆ, ಎನ್‌ವಿಡಿಎ ಉಚಿತ, ಬೇರೆ ಯಂತ್ರ ಕೊಳ್ಳಬೇಡಿ. ಒಬ್ಬರೇ ಕೂತು ಕಲಿಯುವುದಕ್ಕಿಂತ ಬೆಂಗಳೂರಿನ ಕೋರಮಂಗಲದ ಎನೇಬಲ್ ಇಂಡಿಯಾ, ಎಚ್‌ಎಸ್‌ಆರ್ ಬಡಾವಣೆಯ ಮಿತ್ರ ಜ್ಯೋತಿ ಅಥವಾ ಸಮರ್ಥನಂ, ಕಣ್ಣು ಕಾಣದವರಿಗೆ ಕಲಿಸುವ ಈ ಸಂಸ್ಥೆಗಳಲ್ಲಿ ಯಾವುದಕ್ಕಾದರೂ ಫೋನ್ ಮಾಡಿ ತರಬೇತಿ ಯಾವಾಗ ಅಂತ ಕೇಳಿ.

ನೀವು ಕೇಳಿಲ್ಲ, ಆದರೂ ನಾಳೆ ಇದು ಬಂದೇ ಬರುತ್ತೆ: ಯಾರೋ ಕಳಿಸಿದ ಕನ್ನಡ ಪಿಡಿಎಫ್ ತೆರೆದರೆ ಯಂತ್ರ ‘ಪಿ, ಎ ಗ್ರೇವ್, ಪೌಂಡ್’ ಅಂತ ಅರಚುತ್ತೆ. ತಂದೆಯವರು ‘ನನಗೆ ಇದು ಬರಲ್ಲ’ ಅಂದುಬಿಡುತ್ತಾರೆ. ತಪ್ಪು ಅವರದ್ದಲ್ಲ. ಆ ಕಡತ ಹಳೇ ನುಡಿ ಫಾಂಟಿನಲ್ಲಿದೆ. ಪರದೆ ಮೇಲೆ ‘ಕನ್ನಡ’ ಅಂತ ಕಂಡರೂ ಒಳಗೆ ಇರುವುದು ಇಂಗ್ಲಿಷಿನ ಪಿ, ತಲೆಗೆರೆಯ ಎ, ಪೌಂಡ್ ಗುರುತು, ಕ್ಯೂ. ಯಂತ್ರ ಓದುವುದು ಒಳಗಿನದನ್ನು. ಪರೀಕ್ಷೆ ಸುಲಭ: ಒಂದು ಸಾಲು ನಕಲು ಮಾಡಿ ವಾಟ್ಸಾಪಿಗೆ ಅಂಟಿಸಿ. ಕನ್ನಡವಾಗೇ ಬಂದರೆ ಯುನಿಕೋಡ್, ಅಂದರೆ ಒಳಗೂ ಕನ್ನಡ ಅಕ್ಷರವೇ ಇದೆ. ಇಂಗ್ಲಿಷ್ ಗೀಚು ಬಂದರೆ ನುಡಿಯಿಂದ ಯುನಿಕೋಡಿಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ ಕೊಡಿ. ನಕಲು ಮಾಡಲು ಸಾಲೇ ಹಿಡಿಯಲು ಬರದಿದ್ದರೆ ಅದು ಬರೀ ಫೋಟೋ, ಒಸಿಆರ್ (ಚಿತ್ರದೊಳಗಿನ ಅಕ್ಷರ ಗುರುತಿಸುವ ತಂತ್ರಾಂಶ) ಬೇಕು. ಅದರಲ್ಲಿ ಒತ್ತಕ್ಷರ ತಪ್ಪುವುದು ಜಾಸ್ತಿ, ಅಂಕಿಯೂ ತಪ್ಪಬಹುದು, ಆದ್ದರಿಂದ ಮೊತ್ತ, ದಿನಾಂಕ, ಖಾತೆ ಸಂಖ್ಯೆ ಇದ್ದ ಕಡೆ ಕಣ್ಣಿರುವವರೊಬ್ಬರು ಒಮ್ಮೆ ಪಕ್ಕದಲ್ಲಿ ಕೂತು ಸರಿನೋಡಿ.