ಮತಯಂತ್ರಕ್ಕೆ ಬ್ರೈಲ್ ಬಂತು, ವಿವಿಪ್ಯಾಟ್‌ಗೆ ದನಿ ಬರಲಿಲ್ಲ

ಚುನಾವಣೆ ಹತ್ತಿರವಾದಂತೆ ಗಾಲಿಕುರ್ಚಿ, ರ್‍ಯಾಂಪ್, ಬ್ರೈಲ್ ಹಾಳೆ, ಮನೆಯಿಂದಲೇ ಮತದಾನ ಎಂಬ ಮಾತುಗಳು ಒಟ್ಟೊಟ್ಟಿಗೆ ಕೇಳಿಬರುತ್ತವೆ. ಮತದಾರರನ್ನು ಮತಗಟ್ಟೆಗೆ ತಲುಪಿಸುವ ಏರ್ಪಾಡು ಯಾವುದು, ಯಂತ್ರದ ಮುಂದೆ ನಿಂತ ಮೇಲೆ ಅವರ ಕೈಹಿಡಿಯುವ ಏರ್ಪಾಡು ಯಾವುದು ಎಂಬುದು ಈ ಸದ್ದಿನಲ್ಲಿ ಕಲಸಿಹೋಗಿದೆ. ಕಣ್ಣು ಕಾಣದ ಮತದಾರರ ಮಟ್ಟಿಗೆ ಎರಡನೆಯದರ ಚರಿತ್ರೆಯನ್ನು ಬೇರೆಯಾಗಿಯೇ ನೋಡಬೇಕು.

ನಮ್ಮ ಮತದಾನ ಪದ್ಧತಿ ಹುಟ್ಟಿದ್ದೇ ಅಕ್ಷರ ಬಾರದವರನ್ನು ಮುಂದಿಟ್ಟುಕೊಂಡು. 1951ರ ಜನಗಣತಿಯ ಪ್ರಕಾರ ದೇಶದ ಸಾಕ್ಷರತೆ ಶೇ 18ರ ಆಸುಪಾಸಿನಲ್ಲಿತ್ತು. ಮೊದಲ ಮಹಾಚುನಾವಣೆಯಲ್ಲಿ ಪ್ರತಿ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಪ್ರತ್ಯೇಕ ಪೆಟ್ಟಿಗೆ ಇಟ್ಟಿದ್ದರಿಂದ, ಮತಪತ್ರವನ್ನು ಅದರೊಳಗೆ ಹಾಕಿದರೆ ಸಾಕಿತ್ತು. ಮುಂದೆ ಮುದ್ರೆ ಒತ್ತುವ ಮತಪತ್ರ ಬಂತು, 1982ರಲ್ಲಿ ಕೇರಳದ ಪರವೂರಿನಲ್ಲಿ ವಿದ್ಯುನ್ಮಾನ ಯಂತ್ರದ ಮೊದಲ ಬಳಕೆಯಾಯಿತು, 1989ರಲ್ಲಿ ಅದಕ್ಕೆ ಕಾನೂನಿನ ಬಲ ಸಿಕ್ಕಿತು, 2004ರ ಲೋಕಸಭಾ ಚುನಾವಣೆ ಪೂರ್ತಿಯಾಗಿ ಯಂತ್ರದಲ್ಲೇ ನಡೆಯಿತು. ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ತಯಾರಿಸಿದ ಈ ಯಂತ್ರದಲ್ಲೂ ಚಿಹ್ನೆ ಉಳಿದುಕೊಂಡಿದ್ದರಿಂದ ಓದು ಬಾರದವರಿಗೆ ತೊಡಕಾಗಲಿಲ್ಲ. ಆದರೆ ಚಿಹ್ನೆಯನ್ನೂ ಕಣ್ಣಿನಿಂದಲೇ ಗುರುತಿಸಬೇಕು.

ಮತಗಟ್ಟೆಗಳಲ್ಲಿ ರ್‍ಯಾಂಪ್ ಇರಬೇಕೆಂದು ಸುಪ್ರೀಂ ಕೋರ್ಟ್ ಸೂಚಿಸಿದ್ದು 2004ರಲ್ಲಿ. ಯಂತ್ರದ ಮೇಲೆ ಬ್ರೈಲ್ ಅಂಕಿಗಳ ಮೊದಲ ಪ್ರಯೋಗ ಹೈದರಾಬಾದಿನ ಆಸಿಫ್‌ನಗರ ವಿಧಾನಸಭಾ ಕ್ಷೇತ್ರದಲ್ಲಿ ನಡೆದದ್ದೂ ಅದೇ ವರ್ಷ. ಮರುವರ್ಷ ಬಿಹಾರ, ಜಾರ್ಖಂಡ್, ಹರಿಯಾಣಗಳ ಒಂದೊಂದು ಕ್ಷೇತ್ರ, 2008ರಲ್ಲಿ ಇಡೀ ದೆಹಲಿ, 2009ರಲ್ಲಿ ಎಲ್ಲ ಲೋಕಸಭಾ ಕ್ಷೇತ್ರಗಳು. ಐದೇ ವರ್ಷಗಳಲ್ಲಿ ದೇಶದಾದ್ಯಂತ ಹರಡಿದ ಈ ಸುಧಾರಣೆಗೆ ಸಿಗಬೇಕಾದಷ್ಟು ಮೆಚ್ಚುಗೆ ಸಿಕ್ಕಿಲ್ಲ.

ಅದರ ಬಳಕೆ ಹೀಗಿದೆ. ಅಂಧ ಮತದಾರರು ಮೊದಲು ಬ್ರೈಲ್‌ನಲ್ಲಿರುವ ಮಾದರಿ ಮತಪತ್ರವನ್ನು ಬೆರಳಿನಿಂದ ಓದಿ, ತಮಗೆ ಬೇಕಾದ ಅಭ್ಯರ್ಥಿಯ ಕ್ರಮಸಂಖ್ಯೆಯನ್ನು ನೆನಪಿಟ್ಟುಕೊಳ್ಳುತ್ತಾರೆ. ಬಳಿಕ ಯಂತ್ರದಲ್ಲಿ ಅಭ್ಯರ್ಥಿಗಳ ಹೆಸರು, ಗುಂಡಿಗಳಿರುವ ಭಾಗವಾದ ಬ್ಯಾಲೆಟ್ ಯೂನಿಟ್ಟಿನ ಬಲ ಅಂಚನ್ನು ಸವರುತ್ತಾ ಹೋಗಿ, ಆ ಅಂಕಿ ಸಿಕ್ಕಲ್ಲಿ ಪಕ್ಕದ ನೀಲಿ ಗುಂಡಿ ಒತ್ತುತ್ತಾರೆ. ಉದ್ದನೆಯ ಬೀಪ್ ಕೇಳಿದರೆ ಮತ ದಾಖಲಾಯಿತೆಂದು ಅರ್ಥ. ಯಾರ ಹಂಗೂ ಇಲ್ಲದೆ ತಮ್ಮ ಮತವನ್ನು ತಾವೇ ಗುಟ್ಟಾಗಿ ಹಾಕಿ ಬರುವುದು ಹಲವರಿಗೆ ಮೊದಲ ಬಾರಿಗೆ ಸಾಧ್ಯವಾದದ್ದು ಹೀಗೆ.

ಇದರ ಮಿತಿಗಳೂ ಕಡಿಮೆಯಲ್ಲ. ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡ ಅನೇಕರಿಗೆ ಬ್ರೈಲ್ ಬರುವುದಿಲ್ಲ. ಒಂದು ಯೂನಿಟ್ಟಿನಲ್ಲಿ 16 ಗುಂಡಿಗಳಷ್ಟೇ ಇರುವುದರಿಂದ, 17ನೆಯ ಅಭ್ಯರ್ಥಿಯನ್ನು ಹುಡುಕಲು ಎರಡನೆಯ ಯೂನಿಟ್ಟಿನ ಮೊದಲ ಗುಂಡಿಗೆ ಹೋಗಬೇಕು. 2019ರಲ್ಲಿ ತೆಲಂಗಾಣದ ನಿಜಾಮಾಬಾದಿನಲ್ಲಿ 185 ಮಂದಿ ಕಣದಲ್ಲಿದ್ದಾಗ ಯೂನಿಟ್ಟುಗಳ ಸಂಖ್ಯೆ 12ಕ್ಕೇರಿತ್ತು. ಇಂಥ ಕಡೆ ಮತದಾರರಿಗೆ ಉಳಿಯುವ ದಾರಿ ಚುನಾವಣಾ ನಿಯಮ 49ಎನ್: 18 ವರ್ಷ ತುಂಬಿದ ಒಬ್ಬರನ್ನು ಜೊತೆಗೆ ಕರೆದೊಯ್ಯಬಹುದು, ಅವರು ಗುಟ್ಟು ಕಾಯುವುದಾಗಿ ಬರೆದುಕೊಡಬೇಕು. ನೆರವಿಗೆ ಜನರಿದ್ದಾರೆಂಬ ನೆಮ್ಮದಿ ಇದರಲ್ಲಿದೆ ನಿಜ, ಆದರೆ ಮತ ಯಾರಿಗೆ ಬಿತ್ತೆಂಬುದು ಇನ್ನೊಬ್ಬರಿಗೆ ತಿಳಿದೇ ತಿಳಿಯುತ್ತದೆ.

ಗಂಟು ಬಿಗಿದದ್ದು, ಹಾಕಿದ ಮತವನ್ನು ಚೀಟಿಯಲ್ಲಿ ಮುದ್ರಿಸಿ ತೋರಿಸುವ ವಿವಿಪ್ಯಾಟ್ ಬಂದ ಮೇಲೆ. 2013ರಲ್ಲಿ ನಾಗಾಲ್ಯಾಂಡಿನ ನೋಕ್‌ಸೆನ್‌ನಲ್ಲಿ ಮೊದಲು ಬಳಕೆಯಾದ ಈ ಯಂತ್ರ 2019ರ ಲೋಕಸಭಾ ಚುನಾವಣೆಯಲ್ಲಿ ಎಲ್ಲ ಮತಗಟ್ಟೆಗಳಿಗೂ ಬಂತು. ಗುಂಡಿ ಒತ್ತಿದೊಡನೆ ಕ್ರಮಸಂಖ್ಯೆ, ಹೆಸರು, ಚಿಹ್ನೆಗಳಿರುವ ಚೀಟಿ ಗಾಜಿನ ಹಿಂದೆ ಏಳು ಸೆಕೆಂಡು ಕಾಣಿಸಿ ಪೆಟ್ಟಿಗೆಗೆ ಬೀಳುತ್ತದೆ. ಮತದಾರರು ತಮ್ಮ ಮತವನ್ನು ತಾವೇ ಖಚಿತಪಡಿಸಿಕೊಳ್ಳಲಿ ಎಂಬುದೇ ಅದರ ಉದ್ದೇಶ. ಚೀಟಿ ತಪ್ಪಾಗಿ ಬಂದರೆ ದೂರು ಕೊಡುವುದಕ್ಕೂ ನಿಯಮವಿದೆ. ಕಣ್ಣು ಕಾಣದವರ ಪಾಲಿಗೆ ಆ ಏಳು ಸೆಕೆಂಡುಗಳಿದ್ದೂ ಇಲ್ಲದಂತೆ. ಮತದಾನದ ಎಲ್ಲ ಸಾಮಗ್ರಿಯೂ ಅಂಗವಿಕಲರಿಗೆ ಅರ್ಥವಾಗುವಂತೆ, ಕೈಗೆಟುಕುವಂತೆ ಇರಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 11ನೆಯ ಕಲಮು ಹೇಳಿದ ಮೇಲೂ ಸ್ಥಿತಿ ಹೀಗಿದೆ.

ಆಮೇಲಿನ ಗಮನವೆಲ್ಲ ಮನೆ ಮತದಾನದತ್ತ ಹರಿಯಿತು. ಕರ್ನಾಟಕದಲ್ಲಿ 2023ರ ವಿಧಾನಸಭಾ ಚುನಾವಣೆಯಲ್ಲಿ 80 ದಾಟಿದವರಿಗೂ ಶೇ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗೂ ಇದು ಮೊದಲ ಬಾರಿಗೆ ಸಿಕ್ಕಿತು; 2024ರಲ್ಲಿ ವಯಸ್ಸಿನ ಮಿತಿ 85ಕ್ಕೇರಿತು. ಹಾಸಿಗೆ ಹಿಡಿದವರಿಗೆ ಇದರಿಂದಾದ ಉಪಕಾರ ದೊಡ್ಡದು. ಆದರೆ ಮನೆಗೆ ಬರುವುದು ಅಚ್ಚಾದ ಮತಪತ್ರ. ಕಾಣದವರು ಅದಕ್ಕೆ ಗುರುತು ಹಾಕಲು ಮತ್ತೊಬ್ಬರನ್ನೇ ಕೇಳಬೇಕು.

ಅಮೆರಿಕದಲ್ಲಿ 2002ರ ಕಾಯ್ದೆ, ಫೆಡರಲ್ ಚುನಾವಣೆ ನಡೆಯುವ ಪ್ರತಿ ಮತಗಟ್ಟೆಯಲ್ಲೂ ಅಂಗವಿಕಲರು ಬಳಸಬಲ್ಲ ಒಂದು ಯಂತ್ರವಾದರೂ ಇರಬೇಕೆಂದಿತು. ಇಯರ್‌ಫೋನಿನಲ್ಲಿ ಹೆಸರು ಕೇಳಿಸುವ ಯಂತ್ರಗಳು ಅಲ್ಲಿ ಬಳಕೆಯಲ್ಲಿವೆ. ನಮ್ಮ ಇವಿಎಂ ಗುಂಡಿಯ ಸಂಖ್ಯೆಯನ್ನಷ್ಟೇ ದಾಖಲಿಸುತ್ತದೆ, ಯಾವ ಗುಂಡಿ ಯಾರದೆಂದು ಅದಕ್ಕೆ ತಿಳಿಯದು, ಸುರಕ್ಷತೆಯ ದೃಷ್ಟಿಯಿಂದ ಅದು ಹಾಗಿರುವುದೇ ಒಳ್ಳೆಯದು. ಆದರೆ ವಿವಿಪ್ಯಾಟ್‌ನ ಮಾತು ಬೇರೆ. ಚೀಟಿ ಮುದ್ರಿಸಬೇಕಾದ್ದರಿಂದ ಅಭ್ಯರ್ಥಿಗಳ ಹೆಸರು ಮತ್ತು ಚಿಹ್ನೆಗಳನ್ನು ಮತದಾನಕ್ಕೆ ಮೊದಲೇ ಅದಕ್ಕೆ ತುಂಬಿರುತ್ತಾರೆ. ಅದೇ ಹೆಸರು ಅದೇ ಏಳು ಸೆಕೆಂಡುಗಳಲ್ಲಿ ಇಯರ್‌ಫೋನಿನಲ್ಲೂ ಕೇಳಿಸುವಂತೆ ಮಾಡಲು, ಯಂತ್ರದ ಸುರಕ್ಷತೆಗೂ ಮತದ ಗುಟ್ಟಿಗೂ ಧಕ್ಕೆ ಬಾರದ ಒಂದು ವಿನ್ಯಾಸ ಸಿದ್ಧವಾಗಿ, ತಜ್ಞರ ಪರೀಕ್ಷೆಯಲ್ಲಿ ಗೆದ್ದು, ಮತಗಟ್ಟೆಗೆ ಬರಬೇಕಾಗಿದೆ.