ಪೆನ್ ಟೂಲ್‌ನಲ್ಲಿ ಬರೆದ ದುಂಡಕ್ಷರ ಯಾಕೆ ಅಂಕುಡೊಂಕಾಗುತ್ತೆ?

ಪ್ರಶ್ನೆ: ದಾವಣಗೆರೆಯಲ್ಲಿ ಬೋರ್ಡ್ ಡಿಸೈನ್ ಮಾಡ್ತೀನಿ. ಬೆಣ್ಣೆ ದೋಸೆ ಹೋಟೆಲೊಂದಕ್ಕೆ ‘ದಾವಣಗೆರೆ’ ಅಂತ ಕೈಯಲ್ಲಿ ಬರೆದು, ಸ್ಕ್ಯಾನ್ ಮಾಡಿ, ಡ್ರಾಯಿಂಗ್ ಸಾಫ್ಟ್‌ವೇರಿನ ಪೆನ್ ಟೂಲ್‌ನಲ್ಲಿ ಅದರ ಮೇಲೇ ಗೆರೆ ಎಳೆದು ಟ್ರೇಸ್ ಮಾಡಿದೆ. ಸ್ಕ್ರೀನ್ ಮೇಲೆ ಚೆನ್ನಾಗಿತ್ತು. ಹತ್ತಡಿ ಫ್ಲೆಕ್ಸ್‌ನಲ್ಲಿ ದುಂಡೆಲ್ಲ ಅಲ್ಲಲ್ಲಿ ಮುರಿದ ಹಾಗಿದೆ. ವೆಕ್ಟರ್ ಎಷ್ಟು ಹಿಗ್ಗಿಸಿದರೂ ಕೆಡಲ್ಲ ಅಂತಾರಲ್ಲ ಸರ್?

ಉತ್ತರ: ವೆಕ್ಟರ್ ಅಂದರೆ ಚುಕ್ಕೆಗಳಲ್ಲಲ್ಲ, ಲೆಕ್ಕದ ರೇಖೆಗಳಲ್ಲಿ ಉಳಿಸಿದ ಚಿತ್ರ. ಅದು ಒಡೆಯುವುದಿಲ್ಲ, ನಿಜ. ಆದರೆ ರೇಖೆಯಲ್ಲಿದ್ದ ಸಣ್ಣ ತಗ್ಗೂ ಅಕ್ಷರದ ಜೊತೆಗೇ ಹಿಗ್ಗುತ್ತದೆ. ನಿಮ್ಮ ಫೈಲನ್ನು ವೈರ್‌ಫ್ರೇಮ್‌ನಲ್ಲಿ (ಬರೀ ಹೊರಗೆರೆ ಕಾಣುವ ನೋಟದಲ್ಲಿ) ತೆರೆದು ನೋಡ್‌ಗಳನ್ನು, ಅಂದರೆ ರೇಖೆಯ ಮೇಲೆ ನೀವಿಟ್ಟ ಬಿಂದುಗಳನ್ನು ಎಣಿಸಿ. ಬಹುತೇಕ ಅಲ್ಲೇ ಕಾರಣ ಸಿಗುತ್ತದೆ: ಸ್ಕ್ಯಾನಿನ ಅಂಚನ್ನು ಬಿಡದೆ ಹಿಂಬಾಲಿಸಲು ಹೋಗಿ ಹೆಜ್ಜೆಗೊಂದು ನೋಡ್ ಇಟ್ಟಿರುತ್ತೀರಿ.

ಎರಡು ನೋಡ್‌ಗಳ ನಡುವಿನ ತುಂಡು ಬೆಜಿಯೇ ರೇಖೆ. ಕಾರಿನ ಮೈ ತಿರುವುಗಳನ್ನು ಲೆಕ್ಕಕ್ಕೆ ತರಲು ಸಿಟ್ರೊಎನ್ ಕಂಪನಿಯ ಪಾಲ್ ದ ಕಾಸ್ತೆಲ್ಜೊ 1959ರಲ್ಲಿ ಇದರ ದಾರಿ ಕಂಡುಕೊಂಡರು. ಕಂಪನಿ ಅದನ್ನು ಗುಟ್ಟಾಗಿಟ್ಟಿತು, ಹೆಸರು ರೆನೋ ಕಂಪನಿಯ ಪಿಯರ್ ಬೆಜಿಯೇ ಅವರದಾಯಿತು. ಆ ತುಂಡು ತನ್ನೊಳಗೆ ನುಣುಪಾಗಿಯೇ ಇರುತ್ತದೆ. ಮುರಿಯುವುದು ಒಂದು ತುಂಡು ಇನ್ನೊಂದಕ್ಕೆ ಸೇರುವ ಕಡೆ. ಹಾಗಾಗಿ ಸೇರುವ ಜಾಗ ಕಡಿಮೆಯಾದಷ್ಟೂ ತಪ್ಪು ಕಡಿಮೆ.

‘ರ’ದ ದುಂಡನ್ನೇ ತಗೊಳ್ಳಿ. ನಾಲ್ಕು ನೋಡ್ ಸಾಕು: ತೀರಾ ಮೇಲೆ, ತೀರಾ ಕೆಳಗೆ, ತೀರಾ ಎಡಕ್ಕೆ, ತೀರಾ ಬಲಕ್ಕೆ. ಮೇಲೆ-ಕೆಳಗಿನವುಗಳ ಹ್ಯಾಂಡಲ್ (ನೋಡ್‌ನಿಂದ ಹೊರಟು ತಿರುವನ್ನು ಎಳೆಯುವ ಹಿಡಿ) ನೇರ ಅಡ್ಡಕ್ಕೆ, ಪಕ್ಕದವುಗಳದ್ದು ನೇರ ಉದ್ದಕ್ಕೆ. ಇಂಕ್‌ಸ್ಕೇಪ್ ಸಾಫ್ಟ್‌ವೇರಿನಲ್ಲಿ ಕಂಟ್ರೋಲ್ ಕೀ, ಇಲಸ್ಟ್ರೇಟರ್‌ನಲ್ಲಿ ಶಿಫ್ಟ್ ಕೀ ಒತ್ತಿ ಹಿಡಿದು ಎಳೆದರೆ ಹ್ಯಾಂಡಲ್ ಓರೆಯಾಗದು. ಉದ್ದ ಎಷ್ಟು? ಪೂರ್ತಿ ವೃತ್ತವಾದರೆ ತ್ರಿಜ್ಯದ ಶೇ. 55ರಷ್ಟು, 100 ಮಿ.ಮೀ. ತ್ರಿಜ್ಯಕ್ಕೆ 55 ಮಿ.ಮೀ. ಬೇರೆ ತಿರುವುಗಳಿಗೆ ಆ ತುಂಡಿನ ಉದ್ದದ ಮೂರನೇ ಒಂದು ಭಾಗದಿಂದ ಶುರು ಮಾಡಿ, ಆಮೇಲೆ ಕಣ್ಣಳತೆ. ಹ್ಯಾಂಡಲ್ ತೀರಾ ಮೋಟಾದರೆ ನೋಡ್ ಹತ್ತಿರ ಮೂಲೆ ಎದ್ದು ಕಾಣುತ್ತದೆ, ತೀರಾ ಉದ್ದವಾದರೆ ನಡುವೆ ಗೂನು ಬರುತ್ತದೆ.

ಎತ್ವದ ಸುಳಿಯಂಥ ಬಿಗಿ ತಿರುವಿನಲ್ಲಿ ನೋಡ್‌ಗಳು ಹತ್ತಿರ ಹತ್ತಿರ ಬರುವುದು ಸಹಜ. ಅಲ್ಲೂ ಕಾಲು ಸುತ್ತಿಗೆ ಒಂದು ಅನ್ನುವ ಲೆಕ್ಕ ಬಿಡಬೇಡಿ.

ದುಂಡಿನ ಮೇಲಿನ ಪ್ರತಿ ನೋಡ್ ಸ್ಮೂತ್ ಆಗಿರಲಿ, ಅಂದರೆ ಎರಡೂ ಹ್ಯಾಂಡಲ್ ಒಂದೇ ಗೆರೆಯಲ್ಲಿರಬೇಕು. ಇಂಕ್‌ಸ್ಕೇಪ್‌ನಲ್ಲಿ ನೋಡ್ ಆರಿಸಿ ಶಿಫ್ಟ್ ಎಸ್ ಒತ್ತಿ. ಕಸ್ಪ್ ನೋಡ್ (ರೇಖೆ ಚೂಪಾಗಿ ತಿರುಗುವ ಬಿಂದು) ಬೇಕಾಗುವುದು ತಲೆಕಟ್ಟು ದುಂಡಿಗೆ ಕೂಡುವಂಥ ಮೂಲೆಗಳಲ್ಲಿ ಮಾತ್ರ.

ಸಾಫ್ಟ್‌ವೇರೇ ಸ್ಕ್ಯಾನಿನಿಂದ ರೇಖೆ ಎಳೆದುಕೊಡುವ ಆಟೋ ಟ್ರೇಸ್ ಬಗ್ಗೆಯೂ ಅನೇಕರು ಕೇಳುತ್ತಾರೆ. ಕನ್ನಡ ಅಕ್ಷರಕ್ಕೆ ನಾನು ಅದನ್ನು ಒಪ್ಪುವುದಿಲ್ಲ. ನಮ್ಮ ಲಿಪಿಯಲ್ಲಿ ನೇರ ಗೆರೆಗಿಂತ ತಿರುವೇ ಜಾಸ್ತಿ. ಆಟೋ ಟ್ರೇಸ್ ಕಾಗದದ ಒರಟನ್ನೂ ಅಕ್ಷರವೆಂದೇ ತಿಳಿದು ನೋಡ್ ಸುರಿಯುತ್ತದೆ. ಕೋರಲ್‌ನ ರೆಡ್ಯೂಸ್ ನೋಡ್ಸ್, ಇಂಕ್‌ಸ್ಕೇಪ್‌ನ ಸಿಂಪ್ಲಿಫೈ ಅದನ್ನು ತಗ್ಗಿಸುತ್ತವೆ, ಆದರೆ ಉಳಿದ ನೋಡ್ ಸರಿಯಾದ ಜಾಗದಲ್ಲೇ ಇರುತ್ತದೆ ಅನ್ನುವ ಖಾತ್ರಿಯಿಲ್ಲ. ಏಳೆಂಟು ಅಕ್ಷರದ ಬೋರ್ಡನ್ನು ಕೈಯಾರೆ ಹೊಸದಾಗಿ ಎಳೆಯುವುದೇ ಮೇಲು. ಸ್ಕ್ಯಾನನ್ನು ಮಂಕು ಮಾಡಿ, ಕೆಳಗಿನ ಲೇಯರ್‌ನಲ್ಲಿ ಲಾಕ್ ಮಾಡಿಟ್ಟುಕೊಂಡು ಮೊದಲು ‘ರ’ ಎಳೆಯಿರಿ. ಅದು ಒಪ್ಪಿಗೆಯಾದ ಮೇಲೆ ಉಳಿದ ಅಕ್ಷರಗಳ ದುಂಡನ್ನು ಅದರಿಂದಲೇ ತಿದ್ದಿಕೊಳ್ಳಬಹುದು.